ಬೇರುಹುಳು, ಜೋಡಿ ಎಳೆಯ ಆರ್‌ಎನ್‌ಎ ಮತ್ತು ಕರುಳಿನ ಒಂದೇ ಬಾಗಿಲು: ಅಮೆರಿಕದ ಮೆಕ್ಕೆಜೋಳದ ಪ್ರಕರಣ

2009ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಕೆಲವು ಹೊಲಗಳಲ್ಲಿ ಬಿಟಿ ಮೆಕ್ಕೆಜೋಳದ ಬೇರನ್ನು ಅಗೆದು ತೊಳೆದು ನೋಡಿದಾಗ, ಉಳಿದಿರಬೇಕಿದ್ದ ಬೇರಿನ ಸುತ್ತುಗಳು ದಂಟಿನ ಬುಡದವರೆಗೂ ಸವೆದುಹೋಗಿದ್ದವು. ಬೇರುಹುಳುವನ್ನು ಕೊಲ್ಲಲೆಂದೇ ಕ್ರೈ3ಬಿಬಿ1 ಎಂಬ ಬಿಟಿ ಪ್ರೋಟೀನನ್ನು (ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಕೀಟಮಾರಕ ಪ್ರೋಟೀನ್) ಬೇರಿನಲ್ಲಿ ತಯಾರಿಸಿಕೊಳ್ಳುವ ತಳಿ ಅದು. 2003ರಲ್ಲಿ ರೈತರ ಕೈಗೆ ಬಂದ ಉಪಾಯ ಆರೇ ವರ್ಷದಲ್ಲಿ ಸೋತಿತ್ತು. ಆ ಹೊಲಗಳಲ್ಲೆಲ್ಲ ಕನಿಷ್ಠ ಮೂರು ವರ್ಷ ಬಿಡದೆ ಅದೇ ಬಿಟಿ ಜೋಳ ಬಿತ್ತಿದ್ದರು. ಬೇರುಹುಳು ಬೆಳೆದು ಆಗುವ ದುಂಬಿಗಳನ್ನು ಆ ಹೊಲಗಳಿಂದ ತಂದು, ಅವುಗಳ ಮರಿಗಳನ್ನು ಪರೀಕ್ಷಿಸಿದ ಕೀಟವಿಜ್ಞಾನಿ ಆರನ್ ಗ್ಯಾಸ್‌ಮನ್ ಮತ್ತು ಸಂಗಡಿಗರು 2011ರಲ್ಲಿ ನಿರೋಧಕತೆಯನ್ನು ದೃಢಪಡಿಸಿದರು. ಮುಂದೆ ಎಂಕ್ರೈ3ಎ ಎಂಬ ಇನ್ನೊಂದು ಪ್ರೋಟೀನಿಗೂ ಇದೇ ಹುಳುಗಳು ಬಗ್ಗಲಿಲ್ಲ. ಕ್ರೈ34/35ಎಬಿ1 ಎಂಬ ಮತ್ತೊಂದು ಬಿಟಿ ಪ್ರೋಟೀನಿಗೂ ಅಯೋವಾದಲ್ಲಿ ಅದೇ ಗತಿ ಬಂತು.

ಈ ಸೋಲಿನ ಹಿನ್ನೆಲೆಯಲ್ಲಿ ಹೊಲಕ್ಕೆ ಬಂದದ್ದು ಜೀನ್ ಮೌನಗೊಳಿಸುವ ತಂತ್ರ, ಅಂದರೆ ಆರ್‌ಎನ್‌ಎ ಹಸ್ತಕ್ಷೇಪ. ಕೀಟದ ಒಂದು ಜೀನಿನ ಬಾಯಿ ಕಟ್ಟಿಸುವ ಸಂದೇಶವನ್ನು ಗಿಡವೇ ತಯಾರಿಸಿ ತನ್ನ ಬೇರಿನ ಮೂಲಕ ಕೀಟಕ್ಕೆ ಉಣಿಸುತ್ತದೆ. ಕೀಟದ ವಿರುದ್ಧ ಈ ಬಗೆಯಲ್ಲಿ ಹೊಲ ಸೇರಿದ ಮೊದಲ ಬೆಳೆ ಅಮೆರಿಕದ ಈ ಮೆಕ್ಕೆಜೋಳ. ಇದನ್ನು ಹೇಗೆ ಕಟ್ಟಿದರು, ಯಾಕೆ ಕೆಲಸ ಮಾಡುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ.

ಹುಳು ಎಂಥದ್ದು

ಪಶ್ಚಿಮದ ಮೆಕ್ಕೆಜೋಳ ಬೇರುಹುಳು, ಶಾಸ್ತ್ರೀಯ ಹೆಸರಿನಲ್ಲಿ ಡಯಬ್ರೊಟಿಕಾ ವರ್ಜಿಫೆರಾ ವರ್ಜಿಫೆರಾ, ಎಲೆದುಂಬಿಗಳ ಕುಟುಂಬಕ್ಕೆ ಸೇರಿದ್ದು. ವರ್ಷಕ್ಕೆ ಒಂದೇ ಪೀಳಿಗೆ. ಬೇಸಿಗೆಯ ಕೊನೆಗೆ ಹೆಣ್ಣು ದುಂಬಿ ಜೋಳದ ಹೊಲದ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ ಚಳಿಗಾಲವನ್ನು ಮಣ್ಣಿನಲ್ಲೇ ಕಳೆದು ಮೇ ಕೊನೆ, ಜೂನ್ ಹೊತ್ತಿಗೆ ಒಡೆಯುತ್ತದೆ. ಆಗ ಹೊರಬರುವ ಮರಿ ಗುಂಡುಸೂಜಿಯ ತಲೆಯಷ್ಟು ಮಾತ್ರ. ಬೇರು ಬಿಡುವ ಇಂಗಾಲದ ಡೈಆಕ್ಸೈಡಿನ ಜಾಡು ಹಿಡಿದು ಹೋಗಿ ಎಳೆ ಬೇರಿನೊಳಗೆ ನುಸುಳುತ್ತದೆ. ಮೂರನೆಯ ಹಂತಕ್ಕೆ ಬಂದಾಗ ಸುಮಾರು 13 ಮಿಲಿಮೀಟರ್ ಉದ್ದದ ಬಿಳಿ ದಾರದಂತಿರುತ್ತದೆ. ತಲೆಯೂ ಕಂದು, ಬಾಲದ ತುದಿಯ ತಟ್ಟೆಯೂ ಕಂದು. ಅಂಗೈಯಲ್ಲಿ ಹಿಡಿದರೆ ಎರಡು ತಲೆಯ ಹುಳುವಿನಂತೆ ಕಾಣುತ್ತದೆ, ಗುರುತಿಗೆ ಇದಕ್ಕಿಂತ ಸುಲಭದ ಲಕ್ಷಣ ಬೇಡ.

ಬೇರು ಹೋದ ಗಿಡ ಮಳೆಗಾಳಿಗೆ ವಾಲುತ್ತದೆ. ಆಮೇಲೆ ತುದಿ ಮಾತ್ರ ಬೆಳಕಿನ ಕಡೆ ಎದ್ದು ದಂಟು ಬಾತುಕೋಳಿಯ ಕತ್ತಿನಂತೆ ಡೊಂಕಾಗುತ್ತದೆ. ಕಟಾವು ಯಂತ್ರಕ್ಕೆ ಅಂಥ ಗಿಡ ಸಿಗುವುದಿಲ್ಲ. ಒಂದು ಪೂರ್ತಿ ಸುತ್ತು ಬೇರು ಹೋದರೆ ಇಳುವರಿ ಸುಮಾರು ಶೇ 15ರಷ್ಟು ಇಳಿಯುತ್ತದೆ ಎಂಬುದು ಅಲ್ಲಿನ ಹೊಲಗಳ ಲೆಕ್ಕ.

ಈ ಹುಳುವಿನ ಚರಿತ್ರೆ ಓದಿದವರು ಯಾವ ಹೊಸ ಅಸ್ತ್ರವನ್ನೂ ಕಡೆಯ ಅಸ್ತ್ರ ಎನ್ನಲಾರರು. ಆಲ್ಡ್ರಿನ್, ಹೆಪ್ಟಾಕ್ಲೋರ್‌ ಎಂಬ ಕೀಟನಾಶಕಗಳಿಗೆ ನೆಬ್ರಾಸ್ಕದಲ್ಲಿ 1950ರ ದಶಕದ ಕೊನೆಗೇ ಅದು ಬಗ್ಗದಾಯಿತು. 1990ರ ದಶಕದಲ್ಲಿ ಕಾರ್ಬರಿಲ್ ಮತ್ತು ಮೀಥೈಲ್ ಪ್ಯಾರಾಥಿಯಾನ್‌ಗೂ ಬಗ್ಗಲಿಲ್ಲ. ಒಂದು ವರ್ಷ ಜೋಳ, ಮರುವರ್ಷ ಸೋಯಾ ಎಂಬ ಬೆಳೆ ಪರಿವರ್ತನೆಯನ್ನೂ ಇಲಿನಾಯ್‌ನಲ್ಲಿ ಅದು ಗೆದ್ದಿತು: ಅಲ್ಲಿನ ಹೆಣ್ಣು ದುಂಬಿಗಳು ಸೋಯಾ ಹೊಲಕ್ಕೇ ಹೋಗಿ ಮೊಟ್ಟೆ ಇಡತೊಡಗಿದವು, ಮರುವರ್ಷ ಅಲ್ಲಿ ಜೋಳ ಬರುತ್ತದಲ್ಲ!

ಮೌನದ ಯಂತ್ರ

ಜೀವಕೋಶದಲ್ಲಿ ಜೀನಿನ ಆಜ್ಞೆ ಒಂಟಿ ಎಳೆಯ ಸಂದೇಶವಾಹಕ ಆರ್‌ಎನ್‌ಎಯಾಗಿ ಹೊರಡುತ್ತದೆ, ಅದನ್ನು ಓದಿ ಪ್ರೋಟೀನ್ ತಯಾರಾಗುತ್ತದೆ. ಜೋಡಿ ಎಳೆಯ ಉದ್ದ ಆರ್‌ಎನ್‌ಎ ಮಾತ್ರ ಕೋಶಕ್ಕೆ ಪರಕೀಯ, ಬಹಳಷ್ಟು ವೈರಸ್‌ಗಳ ಗುರುತು ಅದು. ಆದ್ದರಿಂದ ಡೈಸರ್ ಎಂಬ ಕಿಣ್ವ ಅದನ್ನು ಸುಮಾರು 21 ಅಕ್ಷರಗಳ (ಎಳೆಯ ಒಂದೊಂದು ಕೊಂಡಿಯೂ ಒಂದು ಅಕ್ಷರ) ತುಂಡುಗಳಾಗಿ ಕತ್ತರಿಸುತ್ತದೆ. ಆರ್ಗೊನಾಟ್ ಎಂಬ ಪ್ರೋಟೀನ್ ಆ ತುಂಡಿನ ಒಂದು ಎಳೆಯನ್ನು ಹಿಡಿದು, ಅದಕ್ಕೆ ಹೊಂದುವ ಸಂದೇಶವನ್ನು ಹುಡುಕಿ ಕಡಿದು ಹಾಕುತ್ತದೆ. ಜೀನ್ ಹಾಗೇ ಉಳಿದಿರುತ್ತದೆ, ಅದರ ಮಾತು ಮಾತ್ರ ಹೊರಗೆ ಬರುವುದಿಲ್ಲ. ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ದುಂಡುಹುಳುವಿನಲ್ಲಿ ಇದನ್ನು ತೋರಿಸಿದರು, 2006ರಲ್ಲಿ ಅವರಿಗೆ ನೊಬೆಲ್ ಬಂತು.

ಕೀಟ ನಿಯಂತ್ರಣಕ್ಕೆ ಇಷ್ಟು ಸಾಲದು. ತಿಂದ ಆರ್‌ಎನ್‌ಎ ಕರುಳಿನ ಪೊಳ್ಳಿನಲ್ಲಿ ಕರಗದೆ ಉಳಿಯಬೇಕು, ಕರುಳಿನ ಗೋಡೆಯ ಕೋಶದೊಳಕ್ಕೆ ಇಳಿಯಬೇಕು, ಅಲ್ಲಿಂದ ದೇಹದ ಉಳಿದ ಭಾಗಕ್ಕೂ ಹರಡಬೇಕು. ದುಂಬಿಗಳ ಅನೇಕ ಜಾತಿಗಳಲ್ಲಿ ಈ ಮೂರೂ ಚೆನ್ನಾಗಿ ನಡೆಯುತ್ತವೆ, ಬೇರುಹುಳುವಿನಲ್ಲಂತೂ ಬಹಳ ಚೆನ್ನಾಗಿ. ಪತಂಗಗಳ ಮರಿಹುಳುಗಳಲ್ಲಿ ಹಾಗಲ್ಲ. ಅವುಗಳ ಕರುಳು ತೀವ್ರ ಕ್ಷಾರೀಯ, ಆರ್‌ಎನ್‌ಎ ಕತ್ತರಿಸುವ ಕಿಣ್ವಗಳಿಂದ ತುಂಬಿರುತ್ತದೆ. ಒಳಗೆ ಇಳಿದದ್ದೂ ಕೋಶದ ಚೀಲಗಳಲ್ಲಿ ಸಿಕ್ಕಿಹಾಕಿಕೊಂಡು ಡೈಸರ್ ಬಳಿಗೆ ತಲುಪುವುದಿಲ್ಲ.

ಜೀನ್ ಆಯ್ಕೆ

2007ರ ನವೆಂಬರಿನಲ್ಲಿ ಜೇಮ್ಸ್ ಬಾಮ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಕೆಲಸವೇ ಈ ಪ್ರಕರಣದ ತಳಪಾಯ. ಬೇರುಹುಳುವಿನ 290 ಜೀನ್‌ಗಳಿಗೆ ಜೋಡಿ ಎಳೆ ತಯಾರಿಸಿ ಕೃತಕ ಆಹಾರದ ಮೇಲೆ ಹಾಕಿ ಮರಿಗಳಿಗೆ ತಿನ್ನಿಸಿದರು. ಚದರ ಸೆಂಟಿಮೀಟರಿಗೆ 52 ನ್ಯಾನೋಗ್ರಾಂ ಹಾಕಿದಾಗ 125 ಜೀನ್‌ಗಳಲ್ಲಿ ಗಮನಾರ್ಹ ಸಾವು ಕಂಡಿತು. ಅದರ ಹತ್ತನೇ ಒಂದು ಭಾಗ, ಅಂದರೆ 5.2 ನ್ಯಾನೋಗ್ರಾಂ ಅಥವಾ ಅದಕ್ಕೂ ಕಡಿಮೆಯಲ್ಲಿ ಅರ್ಧದಷ್ಟು ಹುಳು ಕೊಲ್ಲುವಂಥವು 14 ಮಾತ್ರ ಉಳಿದವು. ನ್ಯಾನೋಗ್ರಾಂ ಎಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ಗಿಡದ ಬೇರಿನಲ್ಲಿ ತಯಾರಾಗುವ ಜೋಡಿ ಎಳೆಯೂ ಗ್ರಾಂ ಬೇರಿಗೆ ನ್ಯಾನೋಗ್ರಾಂಗಳ ಲೆಕ್ಕದಲ್ಲೇ ಇರುವುದರಿಂದ, ಅಷ್ಟು ಕಡಿಮೆ ಪ್ರಮಾಣಕ್ಕೆ ಸೋಲದ ಜೀನನ್ನು ಗಿಡಕ್ಕೆ ಹೊತ್ತೊಯ್ದು ಪ್ರಯೋಜನವಿಲ್ಲ.

ಮೊದಲು ಗಿಡದಲ್ಲಿ ತೋರಿಸಿದ್ದು ವಿ-ಎಟಿಪೇಸ್ ಎಂಬ ಪ್ರೋಟಾನ್ ಪಂಪಿನ ಜೀನನ್ನು. ಹೊಲಕ್ಕೆ ಬಂದದ್ದು ಮಾತ್ರ ಸ್ನಿಫ್-7. ಕೋಶದ ಪೊರೆಯ ಮೇಲಿನ ಹಳೆಯ ಪ್ರೋಟೀನುಗಳನ್ನು ವಿಂಗಡಿಸಿ ಕಸದ ದಾರಿಗೆ ಕಳಿಸುವ ವ್ಯವಸ್ಥೆಯ ಒಂದು ಭಾಗ ಅದು. ಅದು ನಿಂತರೆ ಬಿಸಾಡಬೇಕಾದ ಪ್ರೋಟೀನ್ ಕೋಶದಲ್ಲೇ ರಾಶಿ ಬೀಳುತ್ತದೆ, ಕೋಶ ತನ್ನನ್ನು ತಾನು ಶುಚಿಗೊಳಿಸಿಕೊಳ್ಳುವ ಕೆಲಸ ಕೆಡುತ್ತದೆ. ಮೊದಲು ಹುಳು ಕುಗ್ಗುತ್ತದೆ, ಆಮೇಲೆ ಸಾಯುತ್ತದೆ.

ಇಂಥ ತಿನ್ನಿಸುವ ಪರೀಕ್ಷೆ ನಡೆಸುವವರು ಎಡವುವ ಜಾಗಗಳು ಬಹುತೇಕ ಒಂದೇ. ಮೊದಲನೆಯದು ಅವಸರ. ಬಿಟಿ ಪರೀಕ್ಷೆಯ ಅಭ್ಯಾಸದಲ್ಲಿ ಮೂರನೆಯ ದಿನಕ್ಕೆ ಸತ್ತವನ್ನು ಎಣಿಸಿದರೆ ಒಳ್ಳೆಯ ಜೀನೂ ಕೆಲಸಕ್ಕೆ ಬಾರದ್ದೆಂದು ಕಾಣುತ್ತದೆ. ಇಲ್ಲಿ 12 ದಿನ ಕಾಯಬೇಕು. ಎರಡನೆಯದು ಹೋಲಿಕೆ: ನೀರು ಹಾಕಿದ ಸಾಲು ಒಂದೇ ಸಾಲದು, ಕೀಟಕ್ಕೆ ಸಂಬಂಧವೇ ಇಲ್ಲದ ಜೀನಿನ (ಹಸಿರು ಹೊಳೆಯುವ ಪ್ರೋಟೀನಿನದು ವಾಡಿಕೆ) ಜೋಡಿ ಎಳೆಯನ್ನು ಅಷ್ಟೇ ಪ್ರಮಾಣದಲ್ಲಿ ತಿನ್ನಿಸಿದ ಸಾಲೂ ಬೇಕು. ಇಲ್ಲವಾದರೆ ತಯಾರಿಕೆಯಲ್ಲಿ ಉಳಿದ ಲವಣವೋ ಕಿಣ್ವವೋ ಕೊಂದದ್ದನ್ನು ಜೀನಿನ ಖಾತೆಗೆ ಬರೆದುಬಿಡುತ್ತೇವೆ. ಮೊಟ್ಟೆಯಿಂದ ಬಂದು ಒಂದು ದಿನವೂ ಕಳೆಯದ ಮರಿಯನ್ನು ಮೆತ್ತನೆಯ ಕುಂಚದಿಂದ ಎತ್ತಿಡುವಾಗ ಆದ ಗಾಯದಿಂದ ಸಾಯುವವೂ ಇರುತ್ತವೆ. ನೀರಿನ ಸಾಲಿನಲ್ಲೇ ಐದಕ್ಕೆ ಒಂದು ಸತ್ತರೆ ಆ ತಟ್ಟೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು ಒಳ್ಳೆಯದು. ಇನ್ನು ಜೀನ್ ನಿಜವಾಗಿ ಮೌನವಾಯಿತೇ ಎಂದು ಅಳೆಯುವುದಾದರೆ ಎರಡು ಮೂರನೆಯ ದಿನ, ಹುಳು ಇನ್ನೂ ಬದುಕಿರುವಾಗಲೇ ಮಾದರಿ ತೆಗೆಯಬೇಕು. ಕೊನೆಗೆ ಉಳಿದವನ್ನು ಮಾತ್ರ ಅಳೆದರೆ ಪೆಟ್ಟು ಬೀಳದವೇ ಕೈಗೆ ಸಿಕ್ಕಿರುತ್ತವೆ.

ಗಿಡದೊಳಗೆ ಕಟ್ಟುವುದು

ಸ್ನಿಫ್-7 ಜೀನಿನ 240 ಅಕ್ಷರಗಳ ಒಂದು ತುಣುಕನ್ನು ಆರಿಸಿ, ಅದನ್ನೇ ಒಮ್ಮೆ ನೇರವಾಗಿ, ನಡುವೆ ಒಂದು ಕುಣಿಕೆ ಬಿಟ್ಟು, ಮತ್ತೊಮ್ಮೆ ತಿರುಗುಮುರುಗಾಗಿ ಜೋಡಿಸುತ್ತಾರೆ. ಗಿಡ ಅದನ್ನು ಓದಿ ಆರ್‌ಎನ್‌ಎ ಮಾಡಿದಾಗ ಎರಡೂ ತುದಿ ಒಂದರ ಮೇಲೊಂದು ಮಡಚಿಕೊಂಡು ಹೇರ್‌ಪಿನ್ ಆಕಾರದ ಜೋಡಿ ಎಳೆಯಾಗುತ್ತದೆ. ಹೊಸ ಪ್ರೋಟೀನ್ ಏನೂ ತಯಾರಾಗುವುದಿಲ್ಲ.

ತುಣುಕು ಉದ್ದವಿರಬೇಕಾದ್ದಕ್ಕೆ ಗಟ್ಟಿ ಕಾರಣವಿದೆ. ರೆನಾಟಾ ಬೊಲೊಗ್ನೇಸಿ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದಂತೆ, ಸುಮಾರು 60 ಜೋಡಿ ಅಕ್ಷರಕ್ಕಿಂತ ಗಿಡ್ಡ ಎಳೆ ಬೇರುಹುಳುವಿನ ಕರುಳಿನಿಂದ ಒಳಗೆ ಪರಿಣಾಮಕಾರಿಯಾಗಿ ಇಳಿಯುವುದಿಲ್ಲ. 21 ಅಕ್ಷರದ ಸಿದ್ಧ ತುಂಡು ತಿನ್ನಿಸಿದರೆ ಹುಳುವಿಗೆ ಏನೂ ಆಗದು. ಕತ್ತರಿಸುವ ಕೆಲಸ ಹುಳುವಿನ ಕೋಶದೊಳಗೇ ನಡೆಯಬೇಕು.

ತೊಡಕು ಬರುವುದು ಇಲ್ಲೇ. ಗಿಡಕ್ಕೂ ತನ್ನದೇ ಡೈಸರ್‌ಗಳಿವೆ. ಗಿಡ ತಾನು ತಯಾರಿಸಿದ ಉದ್ದ ಎಳೆಯ ದೊಡ್ಡ ಪಾಲನ್ನು ಹುಳು ಬಾಯಿ ಹಾಕುವ ಮೊದಲೇ ಚೂರು ಮಾಡಿಬಿಡುತ್ತದೆ, ಆ ಚೂರು ಹುಳುವಿಗೆ ನಾಟದು. ಸಾಕಷ್ಟು ಉದ್ದ ಎಳೆ ಉಳಿದ ಗಿಡಗಳನ್ನೇ ನೂರಾರು ಗಿಡಗಳಿಂದ ಹೆಕ್ಕಬೇಕು. ಜೀನ್ ಹಲವು ಪ್ರತಿಗಳಾಗಿ ಸೇರಿಕೊಂಡ ಗಿಡವನ್ನು ಮೊದಲೇ ಬಿಡುವುದು ಲೇಸು, ಹೆಚ್ಚು ಪ್ರತಿ ಇದ್ದರೆ ಗಿಡ ಆ ಸೇರಿಕೆಯನ್ನೇ ಮೌನಗೊಳಿಸುವ ಸಂಭವ ಹೆಚ್ಚು. ಮೆಕ್ಕೆಜೋಳದ ಬೇರಿನಲ್ಲಿ ಇದು ಸಾಧ್ಯವಾದದ್ದು ಹುಳು ಅಷ್ಟು ಸೂಕ್ಷ್ಮವಾಗಿರುವುದರಿಂದ. ಬೇರೆ ದಾರಿಯೂ ಇದೆ. 2015ರಲ್ಲಿ ಜಿಯಾಂಗ್ ಝಾಂಗ್, ರಾಲ್ಫ್ ಬಾಕ್ ಮೊದಲಾದವರು ಆಲೂಗಡ್ಡೆಯ ಹರಿತ್ಕಣದೊಳಗೆ (ಎಲೆಗೆ ಹಸಿರು ಬಣ್ಣ ಕೊಡುವ ಕಣ) ಜೋಡಿ ಎಳೆ ತಯಾರಿಸಿದರು. ಅಲ್ಲಿ ಡೈಸರ್ ಇಲ್ಲದ ಕಾರಣ ಉದ್ದ ಎಳೆ ರಾಶಿಯಾಗಿ ಉಳಿಯಿತು, ಅದರ ಎಲೆ ತಿಂದ ಕೊಲೊರಾಡೊ ದುಂಬಿಯ ಮರಿಗಳು ಐದು ದಿನದೊಳಗೆ ಎಲ್ಲವೂ ಸತ್ತವು. ಎಲೆ ತಿನ್ನುವ ಕೀಟಕ್ಕೆ ಇದು ಅತ್ಯುತ್ತಮ ಉಪಾಯ. ಬೇರಿನಲ್ಲಿ ಹರಿತ್ಕಣವಿಲ್ಲ, ಅಲ್ಲಿರುವ ಬಣ್ಣರಹಿತ ಕಣಗಳು ಜೀನ್ ಓದುವುದರಲ್ಲಿ ಮಂದ. ಆದ್ದರಿಂದ ಬೇರುಹುಳುವಿಗೆ ಈ ದಾರಿ ಸುಲಭವಲ್ಲ.

ಯಾರಿಗೆ ತಗಲುತ್ತದೆ ಎಂಬ ಪ್ರಶ್ನೆಗೆ 2013ರ ಪಮೇಲಾ ಬಾಕ್‌ಮನ್ ತಂಡದ ಕೆಲಸ ಉತ್ತರ ಕೊಟ್ಟಿತು. ಎಲೆದುಂಬಿಗಳಲ್ಲೇ ಗ್ಯಾಲೆರುಸಿನೆ ಎಂಬ ಉಪಕುಟುಂಬದ ಕೆಲವು ಹತ್ತಿರದ ನೆಂಟರಿಗೆ ಮಾತ್ರ ಪೆಟ್ಟು ಬಿತ್ತು. ಆ ಜಾತಿಗಳಲ್ಲಿ ಸ್ನಿಫ್-7ರ ಅಕ್ಷರಗಳು ಶೇ 90ಕ್ಕಿಂತ ಹೆಚ್ಚು ಹೊಂದುತ್ತಿದ್ದವು, 21 ಅಕ್ಷರ ಒಂದೂ ತಪ್ಪದೆ ಹೊಂದುವ ಜಾಗ ಕನಿಷ್ಠ ಮೂರಿದ್ದವು. ಜೇನುನೊಣಕ್ಕಾಗಲಿ ಗುಲಗಂಜಿ ದುಂಬಿಗಾಗಲಿ ತೊಂದರೆ ಕಾಣಲಿಲ್ಲ. ಬೇರೆ ಪರೀಕ್ಷೆಗಳಲ್ಲಿ, ಮಣ್ಣಿಗೆ ಬಿದ್ದ ಈ ಆರ್‌ಎನ್‌ಎ ಒಂದೂವರೆ ದಿನದೊಳಗೆ ಬಹುಪಾಲು ಕರಗಿತು. ಕೀಟನಾಶಕಗಳಲ್ಲಿ ಇಷ್ಟು ಇಕ್ಕಟ್ಟಿನ ಗುರಿ ಅಪರೂಪ, ಈ ತಂತ್ರದ ಅತಿ ದೊಡ್ಡ ಗುಣವೇ ಇದು.

ಹೊಲದಲ್ಲಿ: ನಿಧಾನದ ಬೆಲೆ

ಈ ಎಳೆಯನ್ನು ಹೊತ್ತ ಮೂಲ ಜೋಳ ಮಾನ್ 87411. ಅದರಲ್ಲಿ ಸ್ನಿಫ್-7ರ ಜೋಡಿ ಎಳೆಯ ಜೊತೆಗೆ ಕ್ರೈ3ಬಿಬಿ1 ಪ್ರೋಟೀನೂ, ಕಳೆನಾಶಕ ಗ್ಲೈಫೊಸೇಟ್ ತಡೆಯುವ ಗುಣವೂ ಇವೆ. ಇದನ್ನು ಕ್ರೈ34/35ಎಬಿ1 ಇರುವ ಮತ್ತೊಂದು ಜೋಳದೊಂದಿಗೆ ಸೇರಿಸಿ ಕಟ್ಟಿದ ಬೀಜವೇ ಸ್ಮಾರ್ಟ್‌ಸ್ಟ್ಯಾಕ್ಸ್ ಪ್ರೊ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2017ರ ಜೂನಿನಲ್ಲಿ ನೋಂದಣಿ ಕೊಟ್ಟಿತು, ರೈತರಿಗೆ ವ್ಯಾಪಕವಾಗಿ ಸಿಕ್ಕಿದ್ದು 2022ರ ಹಂಗಾಮಿಗೆ.

ಎರಡು ಬಿಟಿ ಪ್ರೋಟೀನ್, ಒಂದು ಜೋಡಿ ಎಳೆ, ಈ ಮೂರನ್ನೂ ಒಟ್ಟಿಗೆ ಯಾಕೆ ಹಾಕಬೇಕು? ಬಿಟಿ ಪ್ರೋಟೀನ್ ಕರುಳಿನ ಗೋಡೆಗೆ ತೂತು ಕೊರೆಯುತ್ತದೆ, ಹುಳು ಒಂದೆರಡು ದಿನದಲ್ಲೇ ಮೇಯುವುದು ನಿಲ್ಲಿಸುತ್ತದೆ. ಜೀನಿನ ಬಾಯಿ ಕಟ್ಟಿದರೆ ಹಾಗಲ್ಲ. ಸಂದೇಶ ನಿಂತರೂ ಈಗಾಗಲೇ ತಯಾರಾಗಿರುವ ಪ್ರೋಟೀನ್ ಖರ್ಚಾಗುವವರೆಗೆ ಕೋಶ ನಡೆಯುತ್ತಲೇ ಇರುತ್ತದೆ. ಸಾವಿಗೆ ಐದು ದಿನವೋ ಇನ್ನೂ ಹೆಚ್ಚೋ ಬೇಕು. ಅಷ್ಟು ದಿನ ಹುಳು ಬೇರು ತಿನ್ನುತ್ತಿರುತ್ತದೆ. ಬಲಿತ ಹುಳುವಾದರೆ ಪೆಟ್ಟು ಇನ್ನೂ ಹಗುರ. ಹಾಗಾಗಿ ಬಿಟಿ ಬೇರು ಉಳಿಸುತ್ತದೆ, ಆರ್‌ಎನ್‌ಎ ಬಿಟಿಯಿಂದ ತಪ್ಪಿಸಿಕೊಂಡ ಹುಳು ದುಂಬಿಯಾಗಿ ಹೊರಬರದಂತೆ ನೋಡಿಕೊಳ್ಳುತ್ತದೆ. ರೈತ ಈ ವರ್ಷದ ಬೇರನ್ನು ಮಾತ್ರ ನೋಡಿದರೆ ಎರಡನೆಯ ಲಾಭ ಕಣ್ಣಿಗೆ ಬೀಳದು, ಅದು ಮುಂದಿನ ವರ್ಷದ ಮೊಟ್ಟೆಯ ಲೆಕ್ಕದಲ್ಲಿ ಕಾಣುತ್ತದೆ.

ಮುರಿಯುವ ಜಾಗ

2018ರಲ್ಲಿ ಚಿತ್ವನ್ ಖಜೂರಿಯಾ ಮತ್ತು ಸಂಗಡಿಗರು ಪ್ರಕಟಿಸಿದ್ದು ಈ ಪ್ರಕರಣದಲ್ಲಿ ಎಲ್ಲರೂ ಎರಡು ಸಲ ಓದಬೇಕಾದ ಭಾಗ. ಹೊಲದಿಂದ ತಂದ ಬೇರುಹುಳುಗಳನ್ನು ಸ್ನಿಫ್-7ರ ಜೋಡಿ ಎಳೆ ತಯಾರಿಸುವ ಜೋಳದ ಮೇಲೆ ಪೀಳಿಗೆಯಿಂದ ಪೀಳಿಗೆಗೆ ಸಾಕುತ್ತ ಬದುಕಿ ಉಳಿದವನ್ನು ಆರಿಸಿದರು. ಕೊನೆಗೆ ಸಿಕ್ಕ ಸಂತತಿ 130 ಪಟ್ಟಿಗಿಂತ ಹೆಚ್ಚು ನಿರೋಧಕವಾಗಿತ್ತು.

ಗುರಿಯಿಟ್ಟ ಜೀನಿನ ಅಕ್ಷರ ಬದಲಾಗಿ ನಿರೋಧಕತೆ ಬರಬಹುದೆಂದು ಅನೇಕರು ಎಣಿಸಿದ್ದರು. ಅದು ಕಷ್ಟ: 240 ಅಕ್ಷರದ ಎಳೆಯಿಂದ ನೂರಾರು ಬಗೆಯ ತುಂಡು ಹುಟ್ಟುತ್ತವೆ, ಒಂದೆರಡು ಅಕ್ಷರ ಬದಲಾದರೆ ಉಳಿದ ತುಂಡುಗಳು ಕೆಲಸ ಮಾಡುತ್ತವೆ. ಹುಳು ಆರಿಸಿಕೊಂಡದ್ದು ಬೇರೆ ದಾರಿ. ಕರುಳಿನ ಪೊಳ್ಳಿನಿಂದ ಜೋಡಿ ಎಳೆ ಕೋಶದೊಳಕ್ಕೆ ಇಳಿಯುವುದನ್ನೇ ಅದು ತಡೆದಿತ್ತು. ಬಾಗಿಲೇ ಮುಚ್ಚಿದ ಮೇಲೆ ಒಳಗೆ ಬರುವವರು ಯಾರೆಂಬುದು ಲೆಕ್ಕಕ್ಕಿಲ್ಲ. ವಿ-ಎಟಿಪೇಸ್ ಸೇರಿದಂತೆ ಬೇರೆ ಜೀನ್‌ಗಳ ಜೋಡಿ ಎಳೆ ತಿನ್ನಿಸಿ ನೋಡಿದರು, ಯಾವುದಕ್ಕೂ ಆ ಹುಳು ಸಾಯಲಿಲ್ಲ. ಕ್ರೈ3ಬಿಬಿ1ಗೆ ಮಾತ್ರ ಮೊದಲಿನಂತೆಯೇ ಸತ್ತವು.

ಇದರ ಅರ್ಥ ಬಿಡಿಸಿ ಹೇಳಬೇಕು. ಒಂದು ಜೀನ್ ಕೈಕೊಟ್ಟರೆ ಇನ್ನೊಂದನ್ನು ಹಾಕೋಣ, ಅಕ್ಷರ ಬದಲಿಸುವುದಷ್ಟೇ ತಾನೇ ಎಂಬ ಮಾತನ್ನು ಈ ತಂತ್ರದ ಬಗ್ಗೆ ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ಬಾಗಿಲ ಬಳಿ ಹುಟ್ಟುವ ನಿರೋಧಕತೆಯ ಮುಂದೆ ಆ ಮಾತು ನಿಲ್ಲುವುದಿಲ್ಲ. ಎರಡು ಬೇರೆ ಬೇರೆ ಜೀನ್‌ಗಳ ಜೋಡಿ ಎಳೆಯನ್ನು ಒಂದೇ ಗಿಡಕ್ಕೆ ಹಾಕಿ ಅದನ್ನು ಎರಡು ಅಸ್ತ್ರವೆಂದು ಎಣಿಸುವುದೂ ತಪ್ಪು. ಕೊಲೊರಾಡೊ ದುಂಬಿಯಲ್ಲೂ 2021ರಲ್ಲಿ ಇಂಥದ್ದೇ ಎಚ್ಚರಿಕೆ ಬಂತು: ಒಂಬತ್ತು ಸುತ್ತು ಆಯ್ಕೆಯ ನಂತರ 11,100 ಪಟ್ಟಿಗೂ ಮೀರಿದ ನಿರೋಧಕತೆ. ಅದೇ ದುಂಬಿಗೆಂದು ಎಲೆಯ ಮೇಲೆ ಸಿಂಪಡಿಸುವ ಜೋಡಿ ಎಳೆಯ ಔಷಧ ಲೆಡ್‌ಪ್ರೋನಾ 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ನೋಂದಣಿ ಪಡೆಯಿತು. ಗಿಡದಲ್ಲಿರಲಿ, ಸಿಂಪಡಣೆಯಲ್ಲಿರಲಿ, ಬಾಗಿಲು ಒಂದೇ.

ಸಮಾಧಾನದ ಸಂಗತಿಯೂ ಇದೆ. ಬೇರುಹುಳುವಿನ ಈ ನಿರೋಧಕತೆ ಒಂದೇ ಜಾಗದ ಜೀನಿನಿಂದ ಬಂದದ್ದು, ಅದೂ ಅಪ್ರಬಲ. ಅಪ್ಪ ಅಮ್ಮ ಇಬ್ಬರಿಂದಲೂ ಅದೇ ಜೀನ್ ಬಂದರೆ ಮಾತ್ರ ಹುಳು ಬದುಕುತ್ತದೆ. ಬೀಜದ ಚೀಲದಲ್ಲೇ ಶೇ 5ರಷ್ಟು ಸಾಮಾನ್ಯ ಜೋಳ ಬೆರೆಸುವ ಆಶ್ರಯ ಬೆಳೆಯ ಕ್ರಮಕ್ಕೆ ಆಧಾರ ಇದೇ. ಅಲ್ಲಿ ಬೆಳೆದ ಸೂಕ್ಷ್ಮ ದುಂಬಿಗಳು ನಿರೋಧಕ ದುಂಬಿಯೊಂದಿಗೆ ಕೂಡಿದರೆ ಮರಿಗಳು ಮತ್ತೆ ಸೂಕ್ಷ್ಮವೇ. ರಾಯಚೂರಿನ ಕಡೆಯ ಹತ್ತಿ ಬೆಳೆಗಾರರಿಗೆ ಈ ಲೆಕ್ಕ ಹೊಸದಲ್ಲ. 450 ಗ್ರಾಂ ಬಿಟಿ ಬೀಜದ ಜೊತೆ ಕೊಡುತ್ತಿದ್ದ 120 ಗ್ರಾಂ ಸಾಮಾನ್ಯ ಬೀಜದ ಪೊಟ್ಟಣವನ್ನು ಬಹಳಷ್ಟು ಕಡೆ ಬಿತ್ತಲೇ ಇಲ್ಲ, ಗುಲಾಬಿ ಕಾಯಿಕೊರಕ ಬಿಟಿಗೆ ಬಗ್ಗದಾದುದಕ್ಕೆ ಅದೂ ಒಂದು ಕಾರಣ. ಚೀಲದಲ್ಲೇ ಬೆರೆಸುವುದು ಆ ದೃಷ್ಟಿಯಿಂದ ಸರಿಯಾದ ಉಪಾಯ.

ಆದರೂ ದೊಡ್ಡ ಚಿಂತೆ ಒಂದಿದೆ. ಮೂರು ಅಸ್ತ್ರ ಒಟ್ಟಿಗೆ ಇದ್ದರೆ ಒಂದರಿಂದ ತಪ್ಪಿಸಿಕೊಂಡ ಹುಳುವನ್ನು ಇನ್ನೊಂದು ಕೊಲ್ಲುತ್ತದೆ ಎಂಬುದು ಇಡೀ ಲೆಕ್ಕದ ಬುನಾದಿ. ಎರಡು ಬಿಟಿ ಪ್ರೋಟೀನ್‌ಗಳೂ ಈಗಾಗಲೇ ಸೋತ ಹೊಲದಲ್ಲಿ ಇದೇ ಬೀಜ ಬಿತ್ತಿದರೆ ಜೋಡಿ ಎಳೆ ಒಂಟಿಯಾಗಿ ಹೊಡೆದಾಡುತ್ತದೆ. ನಂತರ ಬಂದ ವಿಟಿ4ಪ್ರೊ ತಳಿಗಳಲ್ಲಿ ಬೇರುಹುಳುವಿಗೆ ಇರುವುದು ಕ್ರೈ3ಬಿಬಿ1 ಮತ್ತು ಜೋಡಿ ಎಳೆ ಮಾತ್ರ. ಕ್ರೈ3ಬಿಬಿ1ಗೆ ಬಗ್ಗದ ಹುಳುವಿರುವ ಕಡೆ ವರ್ಷದ ಮೇಲೆ ವರ್ಷ ಅದನ್ನೇ ಬಿತ್ತುವುದು ನಮ್ಮ ಅಭಿಪ್ರಾಯದಲ್ಲಿ ಒಳ್ಳೆಯ ಅಸ್ತ್ರವನ್ನು ಕೈಯಾರೆ ಹಾಳು ಮಾಡಿಕೊಂಡಂತೆ.

ನಮ್ಮ ಮೆಕ್ಕೆಜೋಳಕ್ಕೆ?

ದಾವಣಗೆರೆ, ಹಾವೇರಿಯ ರೈತರು ಇದನ್ನು ಓದಿ ಕೇಳುವ ಪ್ರಶ್ನೆ ಸಹಜ. ಈ ಬೇರುಹುಳು ನಮ್ಮಲ್ಲಿಲ್ಲ. ನಮ್ಮ ಗೋವಿನಜೋಳವನ್ನು ಕಾಡುವುದು 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಭಾರತದಲ್ಲೇ ಮೊದಲು ಗುರುತಿಸಿದ ಫಾಲ್ ಸೈನಿಕ ಹುಳು. ಅದು ಪತಂಗದ ಮರಿ, ತಿಂದ ಜೋಡಿ ಎಳೆಯನ್ನು ಕರುಳಲ್ಲೇ ಕರಗಿಸುವ ಗುಂಪಿಗೆ ಸೇರಿದ್ದು. ಬೇರುಹುಳುವಿನ ಫಲಿತಾಂಶ ತೋರಿಸಿ ಸೈನಿಕ ಹುಳುವಿಗೂ ಇದೇ ಔಷಧ ಎಂದು ಯಾರಾದರೂ ಹೇಳಿದರೆ, ಆ ಹುಳುವಿಗೇ ತಿನ್ನಿಸಿದ ಪರೀಕ್ಷೆಯ ಅಂಕಿ ಕೇಳಿ, ಚುಚ್ಚುಮದ್ದಿನಿಂದ ಕೊಟ್ಟದ್ದಲ್ಲ. ಚುಚ್ಚಿದಾಗ ಎಳೆ ಕರುಳನ್ನು ದಾಟಬೇಕಾಗಿಯೇ ಇಲ್ಲ.

ಹೊಲದಲ್ಲಿ ಅಳೆಯುವ ಕ್ರಮ

ಅಮೆರಿಕದ ಹೊಲಗಳಲ್ಲಿ ತಂತ್ರ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಬೇರು ಅಗೆಯದೆ ದಾರಿಯಿಲ್ಲ. ಗಿಡ ವಾಲಿದ್ದನ್ನು ನೋಡಿ ತೀರ್ಮಾನಿಸಬಾರದು, ಬಿರುಗಾಳಿಯೂ ವಾಲಿಸುತ್ತದೆ. ಹುಳು ಮೇಯ್ದು ಮುಗಿಸುವ ಜುಲೈ ಮಧ್ಯದಿಂದ ಕೊನೆಯೊಳಗೆ ಹೊಲದ ಬೇರೆ ಬೇರೆ ಕಡೆ ಐದರಿಂದ ಹತ್ತು ಗಿಡ ಆರಿಸಿ, ದಂಟನ್ನು ಮೊಣಕಾಲೆತ್ತರಕ್ಕೆ ಕಡಿದು, ಸುತ್ತ ಒಂದು ಗೇಣು ಬಿಟ್ಟು ಮಣ್ಣಿನ ಹೆಂಟೆ ಸಮೇತ ಎತ್ತಬೇಕು. ಎಳೆದು ಕಿತ್ತರೆ ಬೇರು ತುಂಡಾಗಿ ಹುಳು ತಿಂದಂತೆಯೇ ಕಾಣುತ್ತದೆ. ನೀರಿನಲ್ಲಿ ನೆನೆಸಿ ಮೃದುವಾಗಿ ತೊಳೆಯಬೇಕು. ಬೀಜದ ಚೀಲದಲ್ಲಿ ಬೆರೆತಿರುವ ಸಾಮಾನ್ಯ ಗಿಡವೂ ಕೈಗೆ ಬರಬಹುದು, ಆದ್ದರಿಂದ ಎಲೆಯ ತುಂಡಿಗೆ ಪಟ್ಟಿ ಪರೀಕ್ಷೆ ಮಾಡಿ ಬಿಟಿ ಪ್ರೋಟೀನ್ ಇರುವ ಗಿಡಕ್ಕೆ ಮಾತ್ರ ಅಂಕ ಕೊಡಬೇಕು. ಈ ಹೆಜ್ಜೆ ಬಿಟ್ಟವರು ಇಲ್ಲದ ನಿರೋಧಕತೆಯನ್ನು ವರದಿ ಮಾಡಿದಂತಾಗುತ್ತದೆ.

ಅಂಕ ಅಯೋವಾದ 0ಯಿಂದ 3ರ ಅಳತೆಯಲ್ಲಿ. ಒಂದು ಸುತ್ತಿನ ಬೇರೆಲ್ಲ ದಂಟಿನಿಂದ ಒಂದೂವರೆ ಇಂಚಿನೊಳಗೆ ಸವೆದಿದ್ದರೆ 1, ಅರ್ಧ ಸುತ್ತಾದರೆ 0.5. ಒಂದೇ ಬಿಟಿ ಗುಣದ ಜೋಳದಲ್ಲಿ ಸರಾಸರಿ 1 ದಾಟಿದರೆ, ಹಲವು ಗುಣ ಸೇರಿಸಿದ ಜೋಳದಲ್ಲಿ 0.5 ದಾಟಿದರೆ ನಿರೀಕ್ಷೆ ಮೀರಿದ ಹಾನಿ ಎಂದು ಎಣಿಸಿ ಬೀಜ ಕೊಟ್ಟವರಿಗೆ ತಿಳಿಸಬೇಕು, ಅವರು ಅಲ್ಲಿಂದ ದುಂಬಿ ಹಿಡಿದು ಪರೀಕ್ಷಿಸಬೇಕು. ಆಗಸ್ಟಿನಲ್ಲಿ ತೆನೆಯ ಎತ್ತರಕ್ಕೆ ಕಟ್ಟಿದ ಹಳದಿ ಅಂಟು ಬಲೆಯಲ್ಲಿ ದಿನಕ್ಕೆ ಸರಾಸರಿ ಎರಡು ದುಂಬಿ ಸಿಕ್ಕರೆ ಮಣ್ಣಿನಲ್ಲಿ ಮೊಟ್ಟೆ ಸಾಕಷ್ಟಿದೆ ಎಂದರ್ಥ. ಅಂಥ ಹೊಲಕ್ಕೆ ಮರುವರ್ಷ ಯಾವ ಹೊಸ ಬೀಜವೂ ಬೇಡ, ಸೋಯಾ ಬಿತ್ತಿದರೆ ಸಾಕು (ಇಲಿನಾಯ್‌ನಂತೆ ಸೋಯಾ ಹೊಲದಲ್ಲೂ ಮೊಟ್ಟೆ ಇಡುವ ದುಂಬಿಗಳಿರುವ ಕಡೆ ಇದಷ್ಟೇ ಸಾಲದು). ಆಗ ಒಡೆದು ಬಂದ ಮರಿಗೆ ತಿನ್ನಲು ಜೋಳದ ಬೇರು ಸಿಗುವುದಿಲ್ಲ, ಬಿಟಿಗೆ ಬಗ್ಗದ ಹುಳುವೂ ಜೋಡಿ ಎಳೆಗೆ ಬಾಗಿಲು ಮುಚ್ಚಿದ ಹುಳುವೂ ಹಸಿವಿಗೆ ಒಂದೇ ತರಹ ಸಾಯುತ್ತವೆ.